ದೀಪ ಹಾಕಿರುವ ಅಂಗಡಿ

ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನವಲ್ಲ, ಒಲೆ ಆರಿಸಿದೆನೋ ಇಲ್ಲವೋ ಎಂಬುದೂ ಅಲ್ಲ. ಆದರೂ ಬಸ್ಸು ಸೇತುವೆ ದಾಟಿ ದೊಡ್ಡ ರಸ್ತೆಗೆ ಇಳಿದ ಮೇಲೂ ಅವಳು ಬೆಳಗಿನ ಮಾತನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದಳು. ಬೆಳಿಗ್ಗೆ ಅವಳು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಅತ್ತಿಗೆ ತನ್ನ ಕನ್ನಡಕ ತೆಗೆದು, ಬಟ್ಟೆಯ ತುದಿಯಿಂದ ಒರೆಸಿ, ಅಂಗೈ ಮೇಲಿಟ್ಟು ಅವಳ ಮೂಗಿನ ಮುಂದೆ ಹಿಡಿದಿದ್ದಳು. "ಪುಟ್ಟಿ, ಇವತ್ತಾದ್ರೂ ತಗೊಂಡು ಹೋಗ್ತೀಯಾ?" ಊರಿಂದ ಈ ದೇಶಕ್ಕೆ ಬರುವ ಪ್ರಯಾಣದಲ್ಲಿ ಯಾರದೋ ಮೊಣಕೈ ತಾಗಿ ಅದರ ಬಲಗಡೆಯ ಕಡ್ಡಿ ಕಳಚಿಬಂದಿತ್ತು. ಅತ್ತಿಗೆ ಅದನ್ನು ಚೌಕಟ್ಟಿಗೆ ಸೇರಿಸಿ ಕಪ್ಪು ದಾರ ಸುತ್ತಿ, ಸುತ್ತಿ, ಗುಂಡಿ ಹೊಲಿದ ಹಾಗೆ ಗಂಟು ಹಾಕಿದ್ದಳು. "ಇವತ್ತು ನಿಂಗೇ ಬೇಕಲ್ಲ ಅತ್ತಿಗೆ. ಕ್ಲಾಸಲ್ಲಿ ಬೋರ್ಡ್ ಹೇಗೆ ಓದ್ತೀಯಾ? ನಾಳೆ ಒಯ್ತೀನಿ ಬಿಡು." ಮಾತು ನ್ಯಾಯವಾಗಿಯೇ ಇತ್ತು. ಹಾಳಾದ್ದು, ಅದು ನ್ಯಾಯವಾಗಿತ್ತು ಎಂಬುದೇ ಅವಳನ್ನು ಈಗ ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂರುವಂತೆ ಮಾಡಿತ್ತು. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಕಂಡು ಕೇಳರಿಯದವರ ಕಡ್ಡಿಗೆಲ್ಲ ಸ್ಕ್ರೂ ಹಾಕಿ, ಮೂಗಿನ ಮೇಲೆ ಕೂರಿಸಿ, ಸರಿಯಾಯ್ತೇ ಎಂದು ನಗುತ್ತ ಕೇಳುವ ಅದೇ ಕೈಗೆ ಸ್ವಂತ ಅತ್ತಿಗೆಯ ಕನ್ನಡಕ ಮುಟ್ಟಲು ಇಷ್ಟು ದಿನ ಬಿಡುವಾಗಿರಲಿಲ್ಲ. ಬಿಡುವಲ್ಲ, ಬಿಡುವಿನ ಮಾತಲ್ಲ ಅದು. ಆ ದಾರ ಸುತ್ತಿದ ಕನ್ನಡಕವನ್ನು ಅಂಗಡಿಯ ಬಿಳೀ ಮೇಜಿನ ಮೇಲೆ ಇಟ್ಟರೆ, ಇದು ಯಾರದು ಎಂದು ಯಜಮಾನಿ ಕೇಳುತ್ತಾಳೆ.

ಪಕ್ಕದ ಸೀಟಿನವಳು ಇಳಿದು ಹೋದ ಮೇಲೆ ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ತನ್ನದೇ ಧ್ವನಿಯನ್ನು ಕೇಳಿದಳು. ವಾರಕ್ಕೊಂದು ಸಲ ಅವಳು ಹೀಗೆ ಫೋನಿನಲ್ಲಿ ಮಾತಾಡಿ, ಮುದ್ರಿಸಿ ಕಳಿಸುತ್ತಾಳೆ. ಊರಿನ ಕಡೆಯಿಂದ ಇಲ್ಲಿಗೆ ಹೊರಟವರು, ಹೊರಡಬೇಕೆಂದಿರುವವರು, ಬಂದು ಕಣ್ಣು ಕಣ್ಣು ಬಿಡುತ್ತಿರುವವರು, ಎಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು. ಆ ಗುಂಪಿಗೆ ಅವಳು ಸಲಹೆಯಕ್ಕ. ಮೊದಲು ಯಾರೋ ತಮಾಷೆಗೆ ಇಟ್ಟ ಹೆಸರು, ಈಗ ಅದೇ ಗಟ್ಟಿಯಾಗಿತ್ತು. ಅಸಲು ಕಾಗದಪತ್ರಗಳನ್ನು ಪೆಟ್ಟಿಗೆಗೆ ಹಾಕಬೇಡಿ, ಮೈಮೇಲೆ ಇಟ್ಟುಕೊಳ್ಳಿ. ಮೊದಲು ಸಿಕ್ಕಿದ ಕೋಣೆಗೇ ಮುಂಗಡ ಕೊಡಬೇಡಿ, ನಲ್ಲಿ ತಿರುಗಿಸಿ ನೋಡಿ, ಬಿಸಿನೀರು ಬರುತ್ತದೋ ಎಂದು ಕೈ ಹಿಡಿದು ನೋಡಿ. ಹಲ್ಲುನೋವು ಇದ್ದರೆ ಅಲ್ಲಿಯೇ ಕೀಳಿಸಿಕೊಂಡು ಬನ್ನಿ. ಮೊದಲ ಕೆಲಸವೇ ಕೊನೆಯ ಕೆಲಸವಲ್ಲ, ಸಿಕ್ಕಿದ್ದು ಹಿಡಿಯಿರಿ. ದಾರಿ ತಪ್ಪಿದರೆ ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಬೇಡಿ, ಎಲ್ಲರಿಗೂ ಅವಸರ. ದೀಪ ಹಾಕಿರುವ ಯಾವುದಾದರೂ ಅಂಗಡಿಗೆ ಹೋಗಿ, ಮೇಜಿನ ಹಿಂದೆ ನಿಂತವರನ್ನು ಕೇಳಿ, ಅವರು ಓಡಿಹೋಗುವ ಹಾಗಿಲ್ಲ. ಮತ್ತೆ, ಎಲ್ಲಕ್ಕಿಂತ ಮುಖ್ಯ, ನಾಚಿಕೊಳ್ಳಬೇಡಿ. ನಾವೇನು ಕದ್ದು ಬಂದವರಲ್ಲ. ಇಷ್ಟು ಹೇಳಿ ನಿನ್ನೆ ಅವಳು ತಡವರಿಸಿ ನಿಲ್ಲಿಸಿದ್ದಳು. ತನ್ನ ಧ್ವನಿಯ ಆ ಸಲೀಸು, ಆ ಧೈರ್ಯ ಕೇಳಿ ಅವಳಿಗೆ ಈಗ ಮೈ ಪರಚಿಕೊಳ್ಳುವ ಹಾಗಾಯಿತು. ಇಯರ್‌ಫೋನ್ ಕಿತ್ತು ಜೇಬಿಗೆ ತುರುಕಿದಳು.

ಇವೆಲ್ಲ ಗುಂಪಿಗೆ ಕೊಟ್ಟ ಸಲಹೆ. ಮನೆಯಲ್ಲಿ ಅತ್ತಿಗೆಗೆ ಕೊಟ್ಟದ್ದು ಬೇರೆ. ಅವಳ ಹಿಂದೆಯೇ ಅಣ್ಣ ಬಂದು ಲಾರಿ ಓಡಿಸುವ ಕೆಲಸ ಹಿಡಿದಿದ್ದ; ಅತ್ತಿಗೆ ಬಂದು ಇನ್ನೂ ತಿಂಗಳು ತುಂಬಿಲ್ಲ. ಅಣ್ಣ ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಅತ್ತಿಗೆಯನ್ನು ಈ ದೇಶಕ್ಕೆ ಪಳಗಿಸುವ ಕೆಲಸ ಅವಳ ಪಾಲಿಗೆ. ಅತ್ತಿಗೆಯದು ದೊಡ್ಡ ಗಂಟಲು. ಅವಳು ಗುಟ್ಟು ಹೇಳಿದರೆ ಪಕ್ಕದ ಬೀದಿಯವರು ಹೂಂಗುಟ್ಟುತ್ತಾರೆ ಎಂದು ಅಣ್ಣ ಮದುವೆಯಾದ ವರ್ಷದಿಂದ ಆಡಿಕೊಳ್ಳುತ್ತಿದ್ದ. ಆ ಗಂಟಲಿಗೆ ಅವಳು ಇಲ್ಲಿ ಬಿರಡೆ ಹಾಕುತ್ತ ಬಂದಿದ್ದಳು. ಬಸ್ಸಲ್ಲಿ ಮಾತಾಡಬೇಡ ಅತ್ತಿಗೆ. ಮಕ್ಕಳ ಕೆನ್ನೆ ಮುಟ್ಟಬೇಡ ಅತ್ತಿಗೆ. ಯಾರ ಕೈಯಲ್ಲೇ ಚೀಲ ಕಂಡ್ರೂ ಏನು ತಂದ್ರಿ ಅಂತ ಕೇಳಬೇಡ. ಬಂದ ವಾರದಲ್ಲೇ, ಅಣ್ಣನ ಕೆಲಸ ಖಾಯಂ ಆದ ಸುದ್ದಿ ಬಂದಾಗ, ಅತ್ತಿಗೆ ಅಡುಗೆಮನೆಯ ನಡುವೆ ನಿಂತು ಪಟಪಟ ಚಪ್ಪಾಳೆ ತಟ್ಟಿಬಿಟ್ಟಿದ್ದಳು. ಪಕ್ಕದ ಮನೆಯವರು ಆ ಕಡೆಯಿಂದ ಗೋಡೆ ಕುಟ್ಟಿದರು. ಎರಡೇ ಪೆಟ್ಟು. ಅವಳು ಬೆಂಕಿ ತುಳಿದವಳಂತೆ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಿದ್ದಳು. "ಇಲ್ಲಿ ಗೋಡೆ ತೆಳು ಅತ್ತಿಗೆ! ಖುಷಿಯಾದ್ರೂ ಮೆಲ್ಲಗೆ." ಅತ್ತಿಗೆ ಗೋಡೆಯನ್ನೂ ಅವಳನ್ನೂ ನೋಡಿ, "ಖುಷೀನ ಮೆಲ್ಲಗೆ ಪಡೋದು ಹೇಗೆ ಅಂತಾನೂ ಹೇಳ್ಕೊಡು ಹಾಗಾದ್ರೆ" ಎಂದು ನಕ್ಕಿದ್ದಳು, ಕೈ ಒರೆಸುವ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು.

ಇವತ್ತು ಅತ್ತಿಗೆ ಮೊದಲ ಸಲ ಒಬ್ಬಳೇ ಹೊರಗೆ ಹೋಗುವ ದಿನ. ಈ ದೇಶದ ಭಾಷೆ ಕಲಿಸುವ ಕ್ಲಾಸು, ಒಂದೇ ಬಸ್ಸು, ಇಳಿದರೆ ಎದುರಿಗೇ ಕಟ್ಟಡ. ದಾರಿ ತಪ್ಪಿದರೆ ದೀಪ ಹಾಕಿರುವ ಅಂಗಡಿಯಲ್ಲಿ ಕೇಳಬೇಕೆಂದು ಹೇಳಿಕೊಟ್ಟು, ಅದಕ್ಕಾಗಿ ಅಡುಗೆಮನೆಯಲ್ಲಿ ದಿನಾ ನಾಟಕ ನಡೆದಿತ್ತು. ಅವಳು ಮೇಜಿನ ಹಿಂದೆ ಅಂಗಡಿಯವಳಾಗಿ ನಿಲ್ಲುವುದು, ಅತ್ತಿಗೆ ಹೊರಗೆ ಹೋಗಿ ಬಾಗಿಲಿಂದ ಒಳಗೆ ಬರುವುದು. "ಬನ್ನಿ, ನನ್ನಿಂದ ಏನಾಗಬೇಕು?" ಎಂದು ಅವಳು ಈ ದೇಶದ ಭಾಷೆಯಲ್ಲಿ ಕೇಳಬೇಕು, "ಕ್ಷಮಿಸಿ. ನಾನು ಹೊಸಬಳು. ದಾರಿ ತಪ್ಪಿದೆ. ದಯವಿಟ್ಟು ಬಸ್ಸು ತೋರಿಸಿ" ಎಂದು ಅದೇ ಭಾಷೆಯಲ್ಲಿ ಅತ್ತಿಗೆ ಹೇಳಬೇಕು. ಒಂದು ದಿನವಾದರೂ ಅದು ಕೊನೆ ಮುಟ್ಟಿರಲಿಲ್ಲ. ಹೊಸಬಳು ಎನ್ನುವಷ್ಟರಲ್ಲಿ ಅತ್ತಿಗೆಯ ತುಟಿ ಅದುರುತ್ತಿತ್ತು, ದಾರಿ ಎನ್ನುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. "ಅಲ್ಲ ಕಣೇ, ನಮ್ಮನೆ ಅಡುಗೆಮನೇಲಿ ನಿಂತ್ಕೊಂಡು ನಂಗೆ ದಾರಿ ತಪ್ಪಿದೆ ಅಂತ ನಿನ್ನತ್ರ ಹೇಳೋದಾ? ಅದೂ ನೀನು ಹೀಗೆ ಮುಖ ಮಾಡ್ಕೊಂಡು, ಯಾರೋ ಏನೋ ಅನ್ನೋ ಥರ ನೋಡ್ತಾ ಇದ್ರೆ?" ಅವಳಿಗೆ ಸಿಟ್ಟು ಬಂದಿತ್ತು. "ತಮಾಷೆ ಅಲ್ಲ ಅತ್ತಿಗೆ. ಅಲ್ಲಿ ಹೀಗೆ ನಕ್ರೆ ತಲೆ ಕೆಟ್ಟಿದೆ ಅಂದ್ಕೋತಾರೆ." "ಅಲ್ಲಿ ನಗು ಬರಲ್ಲ ಬಿಡು," ಎಂದು ಅತ್ತಿಗೆ ಕಣ್ಣು ಒರೆಸಿಕೊಂಡಿದ್ದಳು, "ಅಲ್ಲಿ ನೀನು ಇರಲ್ವಲ್ಲ."

ಅಂಗಡಿ ತೆರೆದು, ದೀಪ ಹಾಕಿ, ಕನ್ನಡಿಗಳನ್ನು ಒರೆಸಿ, ರಾತ್ರಿ ಬೀರುವಿಗೆ ಹಾಕಿದ್ದ ಚೌಕಟ್ಟುಗಳ ತಟ್ಟೆಗಳನ್ನು ಮತ್ತೆ ಗೋಡೆಗೆ ಜೋಡಿಸುವಷ್ಟರಲ್ಲಿ ಅವಳು ಬೆಳಗಿನ ಮಾತನ್ನು ಸ್ವಲ್ಪ ಮರೆತಳು. ಈ ಕೆಲಸ ಅವಳಿಗೆ ಇಷ್ಟ. ಗಿರಾಕಿಯ ಎದುರು ಕೂತು, ಪುಟ್ಟ ಅಳತೆಪಟ್ಟಿಯನ್ನು ಮೂಗಿನ ಮೇಲಿಟ್ಟು, ಎರಡು ಕಣ್ಣುಗಳ ನಡುವಿನ ಅಂತರ ಅಳೆಯುವಾಗ, ಜನ ಎಷ್ಟು ದೊಡ್ಡವರಾದರೂ ಮಕ್ಕಳ ಹಾಗೆ ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಾರೆ. ಆ ಹೊತ್ತಿಗೆ ಅವಳು ಎಲ್ಲಿಂದ ಬಂದವಳು ಎಂಬುದು ಯಾರಿಗೂ ನೆನಪಿರುವುದಿಲ್ಲ. ಮೊದಲ ವರ್ಷ ಹೀಗಿರಲಿಲ್ಲ. ಸಲಹೆಯ ಗುಂಪಿನಿಂದ ಒಂದು ಸಂಸಾರವೇ, ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ, ಅವಳನ್ನು ನೋಡಿ ಹೋಗೋಣ ಎಂದು ಅಂಗಡಿಗೆ ಬಂದುಬಿಟ್ಟಿತ್ತು. ಇದ್ದಬದ್ದ ಚೌಕಟ್ಟನ್ನೆಲ್ಲ ಹಾಕಿ ನೋಡಿ, ಒಬ್ಬರನ್ನೊಬ್ಬರು ನೋಡಿ ಕಿಸಿದು, ಏನನ್ನೂ ಕೊಳ್ಳದೆ, ಬರ್ತೀವಮ್ಮಾ ಎಂದು ಬಾಗಿಲಲ್ಲೇ ಕೂಗಿ ಹೊರಟಿತ್ತು. ಅವರು ಹೋದ ಮೇಲೆ ಒಬ್ಬ ಗಿರಾಕಿ ಕರವಸ್ತ್ರದಿಂದ ಕನ್ನಡಿ ಒರೆಸಿ ಮುಖ ನೋಡಿಕೊಂಡಿದ್ದ. ಬರೀ ಅಷ್ಟೇ. ಕನ್ನಡಿ ನಿಜಕ್ಕೂ ಕೊಳೆಯಾಗಿತ್ತೋ ಏನೋ. "ನಿಮ್ಮ ಮನೆಯವರೇ?" ಎಂದು ಯಜಮಾನಿ ನಗುತ್ತಲೇ ಕೇಳಿದ್ದಳು. "ಇಲ್ಲ, ನನಗೆ ಇಲ್ಲಿ ಯಾರೂ ಇಲ್ಲ," ಎಂದಿದ್ದಳು ಅವಳು. ಆಗ ಅದು ನಿಜವೂ ಆಗಿತ್ತು. ಆಮೇಲೆ ಅಣ್ಣ ಬಂದ, ಅತ್ತಿಗೆ ಬಂದಳು, ಆ ಮಾತನ್ನು ತಿದ್ದುವ ಸಂದರ್ಭ ಮಾತ್ರ ಬರಲಿಲ್ಲ. ಸಂದರ್ಭ ತಾನಾಗಿ ನಡೆದು ಬರುತ್ತದೆಯೇ? ಅವಳು ತರಲಿಲ್ಲ, ಅಷ್ಟೇ. ಮನೆಯಲ್ಲಿ ಅಂಗಡಿ ಯಾವ ಬೀದಿಯಲ್ಲಿದೆ ಎಂದು ಅತ್ತಿಗೆ ಕೇಳಿದಾಗಲೂ, ದೂರ ಇದೆ, ನಿಂಗೆ ಗೊತ್ತಾಗಲ್ಲ ಎಂದು ಮಾತು ಮರೆಸಿದ್ದಳು.

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಯಜಮಾನಿ ಒಳಗಿನ ಕೋಣೆಯಿಂದ ಕಾಫಿಯ ಲೋಟ ಹಿಡಿದು ಬಂದು, ಹೊರಗೆ ರಸ್ತೆ ಅಗೆಯುವವರನ್ನು ನೋಡುತ್ತ ಕಿಟಕಿಯ ಬಳಿ ನಿಂತಿದ್ದಳು. ಆ ಅಗೆತದ ದೆಸೆಯಿಂದ ಇವತ್ತು ಬೇರೆ ರಸ್ತೆಯ ಬಸ್ಸುಗಳೆಲ್ಲ ಈ ಬೀದಿಗೆ ತಿರುಗಿ ಬರುತ್ತಿದ್ದವು. ಅದನ್ನು ಅವಳು ಬೆಳಗಿನಿಂದ ನೋಡುತ್ತಲೇ ಇದ್ದಳು; ನೋಡಿಯೂ ಅತ್ತಿಗೆಯ ಬಸ್ಸಿನ ಗತಿಯೇನು ಎಂದು ತಲೆಗೆ ಹೊಳೆದಿರಲಿಲ್ಲ. ಬಾಗಿಲ ಮೇಲಿನ ಗಂಟೆ ಸದ್ದಾಯಿತು. ಬಗ್ಗಿ ಸ್ಕ್ರೂಗಳ ಡಬ್ಬಿಯನ್ನು ಹುಡುಕುತ್ತಿದ್ದವಳು ತಲೆ ಎತ್ತುವ ಮೊದಲೇ, ರೂಢಿಯಂತೆ, "ಬನ್ನಿ, ನನ್ನಿಂದ ಏನಾಗಬೇಕು?" ಎಂದಳು. ಎಂದು, ತಲೆ ಎತ್ತಿದಳು.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ತೋಳಿನಡಿ ಕ್ಲಾಸಿನ ಚೀಲ, ಮುಖ ಚಳಿಗೆ ಕೆಂಪೇರಿ, ಕೂದಲು ಅರ್ಧ ಬಿಚ್ಚಿ, ಮೂಗಿನ ಮೇಲೆ ಕಪ್ಪು ದಾರದ ಕನ್ನಡಕ. ಎಷ್ಟು ಹೊತ್ತು ಅಲೆದಿದ್ದಳೋ, ಕಣ್ಣಲ್ಲಿ ನೀರು ನಿಂತಿತ್ತು. ಅವಳನ್ನು ಕಂಡದ್ದೇ ಆ ಮುಖ ಹೇಗೆ ಅರಳಿತೆಂದರೆ, ದೇವರೇ, ಹಾಗೆ ತನ್ನನ್ನು ಕಂಡು ಈ ದೇಶದಲ್ಲಿ ಬೇರೆ ಯಾರ ಮುಖವೂ ಅರಳಿರಲಿಲ್ಲ. ಅತ್ತಿಗೆಯ ಬಾಯಿ ತೆರೆಯಿತು. ಪುಟ್ಟಿ ಎನ್ನುವ ಆ ದೊಡ್ಡ ಕೂಗು ಗಂಟಲಿನ ತನಕ ಬಂದದ್ದು ಅವಳಿಗೆ ಕಂಡಿತು. ಅವಳು ಏನೂ ಮಾಡಲಿಲ್ಲ. ಕಣ್ಣು ಹೊಡೆಯಲಿಲ್ಲ, ಬೆರಳು ತುಟಿಗಿಡಲಿಲ್ಲ. ಬರೀ ತನ್ನ ಮುಖವನ್ನು ಹಾಗೆಯೇ, ಗಿರಾಕಿಗೆ ಇಟ್ಟುಕೊಳ್ಳುವ ಮುಖವನ್ನು, ಅಲುಗದಂತೆ ಇಟ್ಟುಕೊಂಡಳು. ಅಡುಗೆಮನೆಯಲ್ಲಿ ಅಷ್ಟು ದಿನ ಇಟ್ಟುಕೊಂಡದ್ದೂ ಅದೇ ಮುಖ. ಅತ್ತಿಗೆ ಕಿಟಕಿಯ ಬಳಿ ನಿಂತ ಯಜಮಾನಿಯನ್ನು ನೋಡಿದಳು. ಮತ್ತೆ ಅವಳನ್ನು ನೋಡಿದಳು. ತೆರೆದ ಬಾಯಿ ಮೆಲ್ಲಗೆ ಮುಚ್ಚಿತು.

"ಕ್ಷಮಿಸಿ," ಎಂದಳು ಅತ್ತಿಗೆ, ಈ ದೇಶದ ಭಾಷೆಯಲ್ಲಿ, ಸಣ್ಣ ಧ್ವನಿಯಲ್ಲಿ. "ನಾನು ಹೊಸಬಳು. ದಾರಿ ತಪ್ಪಿದೆ. ದಯವಿಟ್ಟು ಬಸ್ಸು ತೋರಿಸಿ."

ಒಂದು ಅಕ್ಷರವೂ ಹೆಚ್ಚುಕಡಿಮೆಯಾಗಲಿಲ್ಲ. ತುಟಿ ಅದುರಲಿಲ್ಲ. ಈಗಲೂ ಹೇಳಬಹುದಿತ್ತು, ಅಯ್ಯೋ ಅತ್ತಿಗೆ, ಎಂದು ಮೇಜು ಸುತ್ತಿ ಬಂದು ಆ ತಣ್ಣಗಿನ ಕೈ ಹಿಡಿಯುವುದಕ್ಕೆ ನಾಲ್ಕು ಹೆಜ್ಜೆಯೂ ಬೇಕಿರಲಿಲ್ಲ. ಅವಳು ಮೇಜಿನ ಹಿಂದೆಯೇ ನಿಂತಳು. ಯಜಮಾನಿಯೇ ಲೋಟ ಕೆಳಗಿಟ್ಟು ಮುಂದೆ ಬಂದಳು. "ಪಾಪ, ಈ ರಸ್ತೆ ಕೆಲಸದಿಂದ ಎಲ್ಲರಿಗೂ ಗೋಳು. ಕೂತ್ಕೊಳ್ಳಿ, ಕೂತ್ಕೊಳ್ಳಿ." ಅತ್ತಿಗೆಯನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ಮೇಜಿನ ಹಿಂದಿದ್ದ ಅವಳ ಕಡೆ ತಿರುಗಿ ಕೇಳಿದಳು, "ನಿಮ್ಮ ಕಡೆಯವರ ಹಾಗೆ ಕಾಣ್ತಾರೆ. ಇವರ ಭಾಷೆ ನಿಮಗೆ ಬರುತ್ತದೆಯೇ?"

"ಇಲ್ಲ," ಎಂದಳು ಅವಳು.

ಈ ದೇಶದ ಭಾಷೆಯಲ್ಲಿ ಅತ್ತಿಗೆ ಎಲ್ಲಕ್ಕಿಂತ ಮೊದಲು ಕಲಿತ ಮಾತು ಅದು. ಇಲ್ಲ ಅನ್ನೋಕೆ ಮೊದಲು ಕಲಿ, ಯಾರಾದ್ರೂ ಏನಾದ್ರೂ ಮಾರೋಕೆ ಬಂದ್ರೆ ಬೇಕಾಗುತ್ತೆ ಎಂದು ಕಲಿಸಿದವಳೇ ಅವಳು. ಅತ್ತಿಗೆ ತೊಡೆಯ ಮೇಲಿನ ಚೀಲದ ಹಿಡಿಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಸರಿ, ಆ ಕನ್ನಡಕ ನೋಡಿ, ಪಾಪ ದಾರ ಕಟ್ಟಿದ್ದಾರೆ," ಎಂದಳು ಯಜಮಾನಿ. "ಒಂದು ಸ್ಕ್ರೂ ಹಾಕಿಕೊಡಿ. ದುಡ್ಡೇನೂ ಬೇಡ. ಅಷ್ಟರಲ್ಲಿ ನಾನು ಬಸ್ಸು ವಿಚಾರಿಸ್ತೀನಿ." ಅವಳು ಮೇಜಿನ ಆಚೆಯಿಂದ ಕೈ ಚಾಚಿದಳು. ಅತ್ತಿಗೆ ಕನ್ನಡಕ ತೆಗೆದು, ಬೆಳಿಗ್ಗೆ ಹಿಡಿದ ಹಾಗೆಯೇ ಅಂಗೈ ಮೇಲಿಟ್ಟು ಹಿಡಿದಳು.

ದಾರ ಕತ್ತರಿಸಲು ಕತ್ತರಿ ಸಾಲದೆ ಬ್ಲೇಡು ತೆಗೆಯಬೇಕಾಯಿತು. ಅಷ್ಟು ಗಟ್ಟಿಯಾಗಿ ಸುತ್ತಿದ್ದಳು ಅತ್ತಿಗೆ. ದಾರದ ಎಳೆಗಳು ಬಿಳೀ ಮೇಜಿನ ಮೇಲೆ ಉದುರಿದವು. ಚಿಮಟದಲ್ಲಿ ಸ್ಕ್ರೂ ಹಿಡಿದು ರಂಧ್ರಕ್ಕೆ ಇಳಿಸಲು ಹೋದರೆ ಅದು ಜಾರಿ ಜಾರಿ ಬಿದ್ದಿತು. ದಿನಕ್ಕೆ ಹತ್ತು ಸಲ ಮಾಡುವ ಕೆಲಸಕ್ಕೆ ಇವತ್ತು ಕೈ ಬರುತ್ತಿರಲಿಲ್ಲ. ಬಗ್ಗಿದ ತಲೆಯ ಮೇಲೆ ಅತ್ತಿಗೆಯ ಕಣ್ಣಿರುವುದು ಗೊತ್ತಾಗುತ್ತಿತ್ತು. ಕನ್ನಡಕವಿಲ್ಲದೆ ಅತ್ತಿಗೆಗೆ ಅಷ್ಟು ದೂರದ ಮುಖ ಮಂಜಾಗಿ ಕಾಣುತ್ತದೆ ಎಂದು ಅವಳು ಸಮಾಧಾನ ಮಾಡಿಕೊಂಡಳು, ಅಷ್ಟಕ್ಕೆ ಇಳಿದಿದ್ದಳು ಅವಳು. ಶಾಲೆಯ ವೇದಿಕೆಯ ಮೇಲೂ ಹೀಗೆಯೇ ಬೆವರಿತ್ತು ಕೈ. ಭಾಷಣ ಸ್ಪರ್ಧೆ, ಅವಳಿಗೆ ಆಗ ಒಂಬತ್ತೋ ಹತ್ತೋ ವರ್ಷ. ಮಾನ್ಯ ಅಧ್ಯಕ್ಷರೇ ಎಂದು ಶುರುಮಾಡಿದ್ದು ಮುಂದಕ್ಕೆ ಹೋಗಲೇ ಇಲ್ಲ. ಮಾನ್ಯ ಅಧ್ಯಕ್ಷರೇ ಎಂದು ಇನ್ನೊಮ್ಮೆ ಅಂದಳು. ಮುಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು, ಹಿಂದಿನವರು ಹೋ ಎಂದರು, ಮಾಸ್ತರರು ಗಡಿಯಾರ ನೋಡಿಕೊಂಡರು. ಮೈಯೆಲ್ಲ ಕಣ್ಣೀರಾಗಿ ನಿಂತಿದ್ದಾಗ, ಸಭೆಯ ಕಟ್ಟಕಡೆಯಿಂದ ಒಂದು ಚಪ್ಪಾಳೆ. ಒಂದೇ ಒಂದು ಜೊತೆ ಕೈ, ಸೂರು ಹಾರಿಹೋಗುವ ಹಾಗೆ. "ಮುಗೀತು! ಚೆನ್ನಾಗಿತ್ತು!" ಹೊಸದಾಗಿ ಮನೆಗೆ ಬಂದಿದ್ದ ಅತ್ತಿಗೆ ಎದ್ದು ನಿಂತು, ಯಾರು ಏನಂದುಕೊಂಡಾರು ಎಂಬ ಪರಿವೆಯಿಲ್ಲದೆ ತಟ್ಟುತ್ತಿದ್ದಳು. ನಿಜಕ್ಕೂ ಮುಗಿದಿರಬೇಕು ಎಂದು ಉಳಿದವರೂ ತಟ್ಟಿದರು. ಇಳಿದು ಬಂದ ಅವಳನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, "ನಮ್ಮ ನಾದಿನಿ" ಎಂದಿದ್ದಳು. ಕೇಳದವರಿಗೂ ಹೇಳಿದ್ದಳು. ಅವತ್ತಿನಿಂದ ಅವಳು ಅತ್ತಿಗೆಯನ್ನು ನೀವು ಎನ್ನುವುದು ಬಿಟ್ಟು ನೀನು ಎಂದಳು, ಅಮ್ಮ ಬೈದರೂ ಬದಲಾಯಿಸಲಿಲ್ಲ.

ಸ್ಕ್ರೂ ಕೂತಿತು. ಕಡ್ಡಿಯ ತುದಿಯನ್ನು ಬಿಸಿಮಾಡಿ ಸ್ವಲ್ಪ ಬಗ್ಗಿಸಿ, ಗಾಜು ಒರೆಸಿ, ಅವಳು ಮೇಜು ಸುತ್ತಿ ಅತ್ತಿಗೆಯ ಎದುರಿಗೆ ಬಂದು ಬಗ್ಗಿದಳು. ಕನ್ನಡಕವನ್ನು ಮೂಗಿನ ಮೇಲೆ ಕೂರಿಸಿ, ಎರಡೂ ಕೈ ಕಿವಿಗಳ ಹಿಂದಕ್ಕೆ ಹಾಕಿ, ಕಡ್ಡಿ ಒತ್ತುತ್ತದೆಯೇ ಎಂದು ಬೆರಳಿಂದ ಸವರಿ ನೋಡಿದಳು. ಗಿರಾಕಿಗಳಿಗೆಲ್ಲ ಮಾಡುವುದು ಹಾಗೆಯೇ. ಅತ್ತಿಗೆಯ ಕಿವಿ ಮಂಜಿನಂತೆ ತಣ್ಣಗಿತ್ತು. ಇಬ್ಬರ ಬಟ್ಟೆಯಿಂದಲೂ ಒಂದೇ ಸೋಪಿನ ವಾಸನೆ ಬರುತ್ತಿತ್ತು, ಮನೆಯ ಒಂದೇ ಬಕೆಟ್ಟಿನಲ್ಲಿ ನೆನೆದ ಬಟ್ಟೆ. ಯಜಮಾನಿಗೆ ಆ ವಾಸನೆ ಬಡಿಯದಿರಲಿ ಎಂದು ಅವಳು ಉಸಿರು ಹಿಡಿದಳು, ವಾಸನೆಯೇನು ತನ್ನ ಉಸಿರಿನಿಂದ ಹೊರಡುತ್ತಿದೆಯೇ! ಆಗ ಕಂಡದ್ದು ಕೋಟು. ಅತ್ತಿಗೆಯ ಮೈಮೇಲಿನ ನೀಲಿ ಕೋಟು, ಮರದ ಗುಂಡಿಗಳದ್ದು, ಮೇಲಿನಿಂದ ಮೂರನೆಯ ಗುಂಡಿ ಮಾತ್ರ ಬೇರೆ. ಈ ದೇಶದ ಮೊದಲ ಚಳಿಗೆ ತಾನು ನಡುಗುತ್ತ ಅಂಗಡಿಗೆ ಬಂದದ್ದನ್ನು ನೋಡಿ ಯಜಮಾನಿ ತನ್ನ ಮನೆಯಿಂದ ತಂದುಕೊಟ್ಟದ್ದು ಅದು. ಎರಡು ವರ್ಷ ದಿನಾ ಇದೇ ಅಂಗಡಿಯ ಮೊಳೆಗೆ ತೂಗುಹಾಕಿದ್ದು. ಹೊಸದು ಕೊಂಡ ಮೇಲೆ ಅತ್ತಿಗೆಗೆ ಕೊಟ್ಟಿದ್ದಳು. ಬಾಗಿಲಲ್ಲಿ ಅದು ತನ್ನ ಕಣ್ಣಿಗೆ ಬೀಳಲೇ ಇಲ್ಲ. ಯಜಮಾನಿಯ ಕಣ್ಣಿಗೆ ಬೀಳದಿರುತ್ತದೆಯೇ? ಭೂಮಿ ಬಾಯಿಬಿಡಬಾರದೇ ಎನಿಸಿತು. ಈಗ ಹೌದು ಎನ್ನುವ ಹಾಗೂ ಇಲ್ಲ, ಅಲ್ಲ ಎನ್ನುವ ಹಾಗೂ ಇಲ್ಲ.

"ಸರಿಯಾಯ್ತೇ?" ಎಂದು ಕೇಳಿದಳು, ಕೇಳಲೇಬೇಕಾದ ಪ್ರಶ್ನೆ, ಈ ದೇಶದ ಭಾಷೆಯಲ್ಲಿ. ಅತ್ತಿಗೆ ಹೊಸದಾಗಿ ನಿಚ್ಚಳವಾದ ಕಣ್ಣಿಂದ ಅವಳನ್ನು ಒಂದು ಗಳಿಗೆ ನೋಡಿದಳು. ಅಷ್ಟು ಹತ್ತಿರದಿಂದ, ಅಷ್ಟು ಸ್ಪಷ್ಟವಾಗಿ. "ಧನ್ಯವಾದ," ಎಂದಳು. ಯಜಮಾನಿ ಅಷ್ಟರಲ್ಲಿ ತನ್ನ ಶಾಲು ಹೊದ್ದುಕೊಂಡು, "ಹೇಳಿದರೆ ಗೊತ್ತಾಗಲಿಕ್ಕಿಲ್ಲ, ನಾನೇ ಹತ್ತಿಸಿ ಬರ್ತೀನಿ" ಎಂದು ಅತ್ತಿಗೆಯ ಮೊಣಕೈ ಹಿಡಿದುಕೊಂಡಳು. ಗಂಟೆ ಸದ್ದಾಯಿತು. ಕಿಟಕಿಯ ಆಚೆ ಇಬ್ಬರು ಹೆಂಗಸರು, ಒಬ್ಬಳದು ಶಾಲು, ಇನ್ನೊಬ್ಬಳದು ಅದೇ ನೀಲಿ ಕೋಟು, ಅಗೆದ ಮಣ್ಣಿನ ಗುಡ್ಡೆಯನ್ನು ಬಳಸಿಕೊಂಡು, ಒಬ್ಬರಿಗೊಬ್ಬರು ಆಸರೆಯಾಗಿ ರಸ್ತೆ ದಾಟಿದರು. ಅತ್ತಿಗೆ ತಿರುಗಿ ನೋಡಲಿಲ್ಲ. ತಿರುಗಿ ನೋಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದಳೋ ಅದು ಎಲ್ಲಿತ್ತು? ಬೆಳಗಿನಿಂದ, ಅಲ್ಲ, ವರ್ಷಗಳಿಂದ ಅವಳು ಕಾದುಕೊಂಡಿದ್ದ ಆ ಅಸಹ್ಯದ ನೋಟ ಯಜಮಾನಿಯ ಮುಖದಲ್ಲಿ ಬರಲೇ ಇಲ್ಲ. ಈ ಅಂಗಡಿಯಲ್ಲಿ ಅತ್ತಿಗೆಯನ್ನು ಕಂಡು ನಾಚಿದವಳು ಒಬ್ಬಳೇ. ಅವಳು ಮೇಜಿನ ಮೇಲಿನ ಕಪ್ಪು ದಾರದ ಎಳೆಗಳನ್ನು ಅಂಗೈಗೆ ಗುಡಿಸಿಕೊಂಡು, ಕಸದ ಬುಟ್ಟಿಗೆ ಹಾಕಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡಳು.

ಯಜಮಾನಿ ತಿರುಗಿ ಬಂದು ಏನೂ ಕೇಳಲಿಲ್ಲ. ತನ್ನ ಆರಿದ ಕಾಫಿಯನ್ನು ಚೆಲ್ಲಿ ಬೇರೆ ಮಾಡಿಕೊಂಡಳು, ಅವಳಿಗೂ ಒಂದು ಲೋಟ ತಂದಿಟ್ಟಳು. ಮಧ್ಯಾಹ್ನವೆಲ್ಲ ಗಿರಾಕಿಗಳು ಬಂದರು, ಹೋದರು. ಮೂಗಿನ ಮೇಲೆ ಅಳತೆಪಟ್ಟಿ ಇಟ್ಟಾಗ ಅವರು ಉಸಿರು ಹಿಡಿದು ಅವಳನ್ನೇ ನೋಡಿದರು, ಅವಳು ಅವರ ಹುಬ್ಬನ್ನು ನೋಡಿದಳು. ಸಂಜೆ ದೀಪ ಆರಿಸುವ ಹೊತ್ತಿಗೆ, ಬಾಗಿಲಿಗೆ ಬೀಗ ಹಾಕುತ್ತ, ಬೆನ್ನು ಮಾಡಿಕೊಂಡೇ ಯಜಮಾನಿ ಹೇಳಿದಳು, "ಆ ಕೋಟು ಇನ್ನೂ ಚೆನ್ನಾಗಿದೆ ಅಲ್ಲವೇ? ನಾಳೆ ಸ್ವಲ್ಪ ತಡವಾಗಿ ಬಂದರೂ ಪರವಾಗಿಲ್ಲ. ಯಾರನ್ನಾದರೂ ಕ್ಲಾಸಿಗೆ ಬಿಟ್ಟು ಬರಬೇಕಿದ್ದರೆ." ಯಜಮಾನಿ ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಕೈಬೀಸಿ, ತನ್ನ ದಾರಿ ಹಿಡಿದಳು.

ಬಸ್ಸಿನಲ್ಲಿ ಫೋನು ತೊಡೆಯ ಮೇಲೆ ನಡುಗುತ್ತಲೇ ಇತ್ತು. ಅಕ್ಕಾ, ಈ ವಾರದ್ದು ಇನ್ನೂ ಬಂದಿಲ್ಲ. ಅಕ್ಕಾ, ಮುಂದಿನ ವಾರ ಹೊರಡ್ತಿದ್ದೀವಿ, ಏನೇನು ತರಬೇಕು, ಏನೇನು ಬಿಟ್ಟು ಬರಬೇಕು ಹೇಳಿ. ಅಕ್ಕಾ, ಅಮ್ಮನೂ ಬರ್ತಿದ್ದಾರೆ, ಅವರಿಗೆ ಅಲ್ಲಿ ಹೊಂದಿಕೆಯಾಗುತ್ತಾ? ಅವಳು ಅರ್ಧ ಮಾಡಿಟ್ಟಿದ್ದ ಮಾತನ್ನು ತೆರೆದು ನೋಡಿ, ನಾಚಿಕೊಳ್ಳಬೇಡಿ ಎನ್ನುವ ತನಕ ಕೇಳುವ ಧೈರ್ಯ ಸಾಲದೆ ಅಳಿಸಿಹಾಕಿದಳು. ಫೋನನ್ನು ಚೀಲಕ್ಕೆ ಹಾಕಿದಳು. ಮನೆಗೆ ಹೋದ ಕೂಡಲೆ ಅತ್ತಿಗೆಯ ಕಾಲು ಹಿಡಿದುಕೊಂಡುಬಿಡಬೇಕು ಎಂದುಕೊಂಡಳು. ಅತ್ತಿಗೆ ಬಾಯಿಗೆ ಬಂದ ಹಾಗೆ ಬೈಯಲಿ. ಆ ಗಂಟಲಿನಲ್ಲೇ ಬೈಯಲಿ, ಗೋಡೆಯಾಚೆಯವರು ಕುಟ್ಟಿದರೆ ಕುಟ್ಟಿಕೊಳ್ಳಲಿ. ಮೆಟ್ಟಿಲು ಹತ್ತುತ್ತ ಮೊದಲ ಮಾತು ಇದು, ಎರಡನೆಯದು ಇದು ಎಂದು ಭಾಷಣದ ಹಾಗೆ ಜೋಡಿಸಿಕೊಂಡಳು.

ಅತ್ತಿಗೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಕನ್ನಡಕ ಮೂಗಿನ ಮೇಲೆ ನೆಟ್ಟಗೆ ಕೂತಿತ್ತು. "ಬಂದ್ಯಾ? ಕೈ ತೊಳ್ಕೋ, ಊಟಕ್ಕೆ ಇನ್ನು ಸ್ವಲ್ಪ ಹೊತ್ತು," ಎಂದಳು, ದಿನಾ ಹೇಳುವ ಹಾಗೆ. ಅವಳು ಚೀಲ ಇಳಿಸದೆ ಬಾಗಿಲಲ್ಲೇ ನಿಂತಳು. "ಕ್ಲಾಸ್ ಹೇಗಿತ್ತು ಅತ್ತಿಗೆ?" ಎಂದು ಕೇಳಿದ್ದು ತನಗೇ ಬೇರೆ ಯಾರೋ ಕೇಳಿದ ಹಾಗಿತ್ತು.

"ಚೆನ್ನಾಗಿತ್ತು. ತಡವಾಗಿ ಹೋದೆ, ಟೀಚರ್ ಏನೂ ಅನ್ಲಿಲ್ಲ. ದಾರಿ ಅಗೆದು ಹಾಕಿದಾರಲ್ಲ, ಬಸ್ಸು ಎಲ್ಲೆಲ್ಲೋ ಸುತ್ತಿ ಎಲ್ಲೋ ಇಳಿಸಿಬಿಡ್ತು. ಜೀವ ಬಾಯಿಗೆ ಬಂದಿತ್ತು ನೋಡು. ಆಮೇಲೆ ನೀನು ಹೇಳಿದ್ದು ನೆನಪಾಯ್ತು. ದೀಪ ಹಾಕಿರೋ ಅಂಗಡಿ ನೋಡಿ ಒಳಗೆ ಹೋದೆ." ಅತ್ತಿಗೆ ಹೆಚ್ಚಿದ್ದನ್ನು ಒಂದು ಕಡೆಗೆ ಸರಿಸಿ ಇನ್ನೊಂದು ಈರುಳ್ಳಿ ತೆಗೆದುಕೊಂಡಳು. "ಅಲ್ಲಿ ಒಬ್ಬಳು ಹುಡುಗಿ ಇದ್ಲು. ಪಾಪ, ಒಳ್ಳೆಯವಳು. ಕನ್ನಡಕ ಸರಿ ಮಾಡಿಕೊಟ್ಲು."

ಅವಳು ಅತ್ತಿಗೆಯ ಮುಖದಲ್ಲಿ ಚುಚ್ಚುವ ನಗೆ ಹುಡುಕಿದಳು. ಒಂದು ಕೊಂಕು, ಒಂದು ಮೂದಲಿಕೆ, ಒಂದಿಷ್ಟು ಸಿಟ್ಟು. ಏನಾದರೂ ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ಅಳಬಹುದಿತ್ತು. ಏನೂ ಇರಲಿಲ್ಲ. 'ಒಬ್ಬಳು ಹುಡುಗಿ' ಎಂದು ಅತ್ತಿಗೆ ಅವಳಿಗೆ ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದಿಟ್ಟು, ತಾನು ಬೇರೆ ಕಡೆ ನೋಡುತ್ತಿದ್ದಳು.

"ನಗು ಬಂದುಬಿಡುತ್ತೆ ಅಂತ ಹೆದರಿದ್ದೆ ಕಣೇ," ಎಂದಳು ಅತ್ತಿಗೆ, ತಲೆ ಎತ್ತದೆ. "ನಗ್ಲಿಲ್ಲ ನೋಡು. ಒಂದಕ್ಷರ ತಪ್ಪಲಿಲ್ಲ. ಅಲ್ವಾ?"

ಅಲ್ವಾ ಎಂದು ಕೇಳಿದ್ದು ಅಂಗಡಿಯಲ್ಲಿದ್ದವಳನ್ನು. ಅವಳು ಮೇಜಿನ ಈ ಕಡೆ, ದಿನಾ ಅಂಗಡಿಯವಳಾಗಿ ನಿಲ್ಲುವ ಜಾಗದಲ್ಲೇ ಬಂದು ನಿಂತಳು. "ಅತ್ತಿಗೆ, ಅವರು ಕೇಳಿದಾಗ ನಾನು," ಎಂದಳು. ಮೆಟ್ಟಿಲ ಮೇಲೆ ಜೋಡಿಸಿಕೊಂಡಿದ್ದ ಮುಂದಿನ ಮಾತು ಬರಲಿಲ್ಲ. "ಅವರು ಕೇಳಿದಾಗ ನಾನು," ಎಂದು ಇನ್ನೊಮ್ಮೆ ಅಂದಳು. ಕೈ ಬೆವರಿತು. ಜೇಬಿನೊಳಗೆ ದಾರದ ಎಳೆಗಳು ಬೆರಳಿಗೆ ಅಂಟಿಕೊಂಡವು. ಈರುಳ್ಳಿಯ ಘಾಟಿಗೋ ಯಾತಕ್ಕೋ ಕಣ್ಣು ಉರಿದು, ಎದುರಿಗಿದ್ದ ಅತ್ತಿಗೆ ಮಂಜಾದಳು.

ಅತ್ತಿಗೆ ಚಾಕು ಕೆಳಗಿಟ್ಟಳು. ಕೈ ಒರೆಸುವ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. ಅವಳ ಕಡೆ ತಿರುಗಿ, ಎರಡೂ ಕೈ ಎತ್ತಿದಳು.

"ಮುಗೀತು," ಎಂದು ಪಿಸುಗುಟ್ಟಿದಳು. "ಚೆನ್ನಾಗಿತ್ತು."

ಹೇಳಿ, ಪಕ್ಕದ ಮನೆಯ ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಅಂಗೈಗೆ ಅಂಗೈ ತಾಗಿದರೂ ಒಂದಿಷ್ಟೂ ಸದ್ದಾಗದ ಹಾಗೆ ಅತ್ತಿಗೆ ಚಪ್ಪಾಳೆ ತಟ್ಟಿದಳು. ಹಾಗೆ ತಟ್ಟುವುದನ್ನು ಅವಳಿಗೆ ಕಲಿಸಿದ್ದು ನಾದಿನಿಯೇ.